ಮೂಲೆ ಸೇರಿದ ಕಂಪ್ಯೂಟರ್‌ಗೆ ಮತ್ತೆ ಕೆಲಸ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಲು ಬಾರದ ಎಷ್ಟೋ ಕಂಪ್ಯೂಟರ್‌ಗಳು ಮೂಲೆ ಸೇರಿವೆ. ಅವು ಕೆಟ್ಟಿಲ್ಲ, ಅಲ್ವಾ? ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿದರೆ ಓದಲು, ಬರೆಯಲು, ಫೋಟೊ ಕೂಡಿಡಲು ಇನ್ನೂ ಕೆಲವು ವರ್ಷ ಆರಾಮಾಗಿ ನಡೆಯುತ್ತವೆ.

ಮೊದಲು ಧೂಳು ಒರೆಸಿ. ಲ್ಯಾಪ್‌ಟಾಪ್ ಆದರೆ ಟಚ್‌ಪ್ಯಾಡ್ ಮೇಲೆದ್ದಿದೆಯಾ ನೋಡಿ. ಎದ್ದಿದ್ದರೆ ಒಳಗೆ ಬ್ಯಾಟರಿ ಊದಿರುವ ಸಾಧ್ಯತೆ ಜಾಸ್ತಿ. ಅದನ್ನು ಆನ್ ಮಾಡಬೇಡಿ, ಒತ್ತಬೇಡಿ, ತಿಳಿದವರ ಕೈಲಿ ತೆಗೆಸಿ. ಪ್ರತಿ ಸಲ ಗಡಿಯಾರ ತಪ್ಪುತ್ತಿದ್ದರೆ ಮದರ್‌ಬೋರ್ಡಿನ ಬಿಲ್ಲೆ ಸೆಲ್ ಬದಲಿಸಿ. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಅದು ಸಿಆರ್2032.

ಬೇಕಾದ ಫೈಲುಗಳನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಖರ್ಚು ಮಾಡುವುದಾದರೆ ಎಸ್‌ಎಸ್‌ಡಿಗೆ, ಅಂದರೆ ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್‌ಗೆ, ಮಾಡಿ. ಹಳೇ ಹಾರ್ಡ್‌ಡಿಸ್ಕ್ ತೆಗೆದು ಅದನ್ನು ಹಾಕಿದರೆ ಸಿಗುವ ವೇಗ, ‘ಸ್ಪೀಡ್ ಬೂಸ್ಟರ್’ ಎಂದು ಮಾರುವ ಯಾವ ಸಾಫ್ಟ್‌ವೇರ್‌ನಿಂದಲೂ ಸಿಗುವುದಿಲ್ಲ. ಅವುಗಳ ಹತ್ತಿರ ಹೋಗಲೇಬೇಡಿ.

ರ‍್ಯಾಮ್ 4 ಜಿಬಿ ಇದ್ದರೆ ಕಣ್ಣುಮುಚ್ಚಿ ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ ಆರಿಸಿ.

ಜನ ಎಡವುವುದು ಪೆನ್‌ಡ್ರೈವ್ ಹತ್ತಿರ. ಮಿಂಟ್‌ನ ವೆಬ್‌ಸೈಟಿನಿಂದ ಇಳಿಸಿಕೊಂಡ ಐಎಸ್‌ಒ ಫೈಲನ್ನು (ಇಡೀ ಮಿಂಟ್ ಇರುವ ಒಂದೇ ಫೈಲ್) ಸುಮ್ನೆ ಪೆನ್‌ಡ್ರೈವಿಗೆ ಕಾಪಿ ಮಾಡಿ, ‘ಬೂಟ್ ಆಗ್ತಿಲ್ಲ’, ಅಂದರೆ ಕಂಪ್ಯೂಟರ್ ಅದರಿಂದ ಶುರುವಾಗ್ತಿಲ್ಲ, ಎನ್ನುತ್ತಾರೆ. ಕಾಪಿ ಸಾಲದು, ರೂಫಸ್ ಅಥವಾ ಬಲೇನಾ ಎಚರ್ ಎಂಬ ಸಾಫ್ಟ್‌ವೇರ್‌ನಿಂದ ಬರೆಯಬೇಕು. ಬರೆಯುವಾಗ ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಯುತ್ತದೆ. 8 ಜಿಬಿಯದು ಸಾಕು. ತೀರಾ ಅಗ್ಗಕ್ಕೆ ಭಾರೀ ಜಾಗ ಕೊಡುತ್ತೇವೆನ್ನುವ ಪೆನ್‌ಡ್ರೈವ್ ಬೇಡ. ತೋರಿಸುವಷ್ಟು ಜಾಗ ಅವುಗಳಲ್ಲಿ ಇರುವುದೇ ಇಲ್ಲ.

ಪೆನ್‌ಡ್ರೈವ್ ಚುಚ್ಚಿ ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಬೂಟ್ ಮೆನುವಿನ ಕೀಯನ್ನು ಮತ್ತೆ ಮತ್ತೆ ಒತ್ತಿ, ಬರುವ ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿ. ಎಫ್12, ಎಫ್9, ಎಸ್ಕೇಪ್, ಹೀಗೆ ಒಂದೊಂದು ಕಂಪನಿಯದು ಒಂದೊಂದು. ವಿಂಡೋಸ್ ಗುರುತು ಬಂತೆಂದರೆ ತಡವಾಯಿತು, ರೀಸ್ಟಾರ್ಟ್ ಮಾಡಿ. ಮಿಂಟ್ ತೆರೆದ ಮೇಲೆ ತಕ್ಷಣ ಇನ್‌ಸ್ಟಾಲ್ ಒತ್ತಬೇಡಿ. ವೈಫೈ, ಸೌಂಡ್, ಕ್ಯಾಮೆರಾ ಎಲ್ಲ ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಿ. ವೈಫೈ ಹಿಡಿಯದಿದ್ದರೆ ಕೇಬಲ್‌ನಲ್ಲಿ ಇಂಟರ್‌ನೆಟ್ ಕೊಟ್ಟು ಡ್ರೈವರ್ ಹುಡುಕಿಸಿ.

ಇನ್‌ಸ್ಟಾಲ್ ಮಾಡುವಾಗ ಯಾವ ಡಿಸ್ಕ್ ಅಳಿಸಬೇಕೆಂದು ಕೇಳುತ್ತದೆ. ಇಲ್ಲಿ ಅವಸರ ಬೇಡ. ಹೊರಗಿನ ಹಾರ್ಡ್‌ಡಿಸ್ಕ್‌ಗಳನ್ನೆಲ್ಲ ಮೊದಲೇ ಕಿತ್ತಿಡಿ. ಹೆಸರು ಹೆಚ್ಚಾಗಿ ಎಸ್‌ಡಿಎ, ಎಸ್‌ಡಿಬಿ ಎಂಬಂತೆ ಇರುತ್ತದೆ, ಅದೊಂದರಿಂದ ಏನೂ ತಿಳಿಯದು. ಗಾತ್ರ ನೋಡಿ ಗುರುತಿಸಿ. 500 ಜಿಬಿಯದು ಕೆಲವೆಡೆ 465 ಎಂದು ಕಾಣುತ್ತದೆ, ಅದು ಲೆಕ್ಕ ಹಾಕುವ ರೀತಿಯ ವ್ಯತ್ಯಾಸ ಅಷ್ಟೇ.

ಉಳಿದದ್ದು ಸುಲಭ. ಇಂಟರ್‌ನೆಟ್ ನೋಡಲು ಫೈರ್‌ಫಾಕ್ಸ್, ಬರೆಯಲು ಲಿಬ್ರೆಆಫೀಸ್ ಜೊತೆಗೇ ಬರುತ್ತವೆ. ಮನೆಯವರೆಲ್ಲರ ಫೋಟೊ ಒಂದೇ ಕಡೆ ಇಡಲು ಸಾಂಬಾ, ಇರುವ ವಿಡಿಯೊಗಳನ್ನು ಟಿವಿಯಲ್ಲಿ ನೋಡಲು ಜೆಲ್ಲಿಫಿನ್ ಹಾಕಿ. ಹಳೇ ಡಿಸ್ಕನ್ನೇ ಉಳಿಸಿಕೊಂಡಿದ್ದರೆ ‘ಡಿಸ್ಕ್ಸ್’ ಆ್ಯಪ್‌ನಲ್ಲಿ ಸ್ಮಾರ್ಟ್ ವರದಿ, ಅಂದರೆ ಡಿಸ್ಕಿನ ಆರೋಗ್ಯದ ವರದಿ, ತೆರೆಯಿರಿ. ಕೆಟ್ಟ ಸೆಕ್ಟರ್‌ಗಳ (ಡಿಸ್ಕಿನಲ್ಲಿ ಹಾಳಾದ ಜಾಗಗಳ) ಲೆಕ್ಕ ಏರುತ್ತಿದ್ದರೆ ಅದಕ್ಕೆ ಫೋಟೊ ಹಾಕಲೇಬೇಡಿ. ಡಿಸ್ಕ್ ಚೆನ್ನಾಗಿದ್ದರೂ ಇನ್ನೊಂದು ಪ್ರತಿ ಬೇರೆ ಕಡೆ ಇರಲೇಬೇಕು.