ಮೀಟರ್ ತೋರಿಸದ ನಷ್ಟ: ಕೆಳ ಬ್ಯಾಂಡಿನ ಆಂಟೆನಾಕ್ಕೆ ನೆಲ ಸಿದ್ಧಪಡಿಸುವುದು ಹೇಗೆ?

40, 80 ಮತ್ತು 160 ಮೀಟರ್ ಬ್ಯಾಂಡುಗಳಿಗೆ ವರ್ಟಿಕಲ್ (ಲಂಬ) ಆಂಟೆನಾ ನಿಲ್ಲಿಸುವ ರೇಡಿಯೊ ಹವ್ಯಾಸಿಗಳಲ್ಲಿ ಹೆಚ್ಚಿನವರು ಕಂಬ, ತಂತಿ, ಕಾಯಿಲ್‌ಗಳಿಗಾಗಿ ವಾರಗಟ್ಟಲೆ ತಲೆ ಕೆಡಿಸಿಕೊಂಡು, ಕೊನೆಗೆ ಬುಡದ ಮಣ್ಣಿಗೆ ಒಂದು ಸಲಾಕೆ ಹೊಡೆದು ಕೈ ತೊಳೆದುಕೊಳ್ಳುತ್ತಾರೆ. ಎಸ್‌ಡಬ್ಲ್ಯುಆರ್ ಮೀಟರ್ (ಆಂಟೆನಾ ಕೇಬಲ್‌ಗೆ ಎಷ್ಟು ಹೊಂದುತ್ತದೆಂದು ತೋರಿಸುವ ಮಾಪಕ; 1.0 ಎಂದರೆ ಪೂರ್ತಿ ಹೊಂದಿಕೆ) 1.1 ತೋರಿಸಿತೆಂದರೆ ಕೆಲಸ ಮುಗಿಯಿತೆಂದೇ ಅವರ ಲೆಕ್ಕ. ಪರಿಚಯದ ಹವ್ಯಾಸಿಯೊಬ್ಬರು ಬುಡದಿಂದ ಸುತ್ತಲೂ ನೆಲದ ಮೇಲೆ ಹಾಸಿದ ನಾಲ್ಕು ತಂತಿಗಳ, ಅಂದರೆ ರೇಡಿಯಲ್‌ಗಳ, ಜೊತೆಗೆ ಇನ್ನೂ ಹನ್ನೆರಡನ್ನು ಹಾಸಿದ ಮೇಲೆ ಮೀಟರ್ 1.1ರಿಂದ 1.3ಕ್ಕೆ ಏರಿತೆಂದು, ಹೊಸ ಹನ್ನೆರಡನ್ನೂ ಕಿತ್ತು ಸುರುಳಿ ಸುತ್ತಿಟ್ಟಿದ್ದನ್ನು ನಾನೇ ಕಂಡಿದ್ದೇನೆ. ಅವರು ಕಿತ್ತದ್ದು ಆಂಟೆನಾದ ಉತ್ತಮ ಭಾಗವನ್ನು. ಈ ತಪ್ಪು ಎಲ್ಲಿಂದ ಹುಟ್ಟುತ್ತದೆಂಬುದನ್ನು ತಿಳಿದುಕೊಂಡರೆ ಉಳಿದ ಹಂತಗಳು ಸುಲಭ.

ತರಂಗಾಂತರದ ಕಾಲುಭಾಗದಷ್ಟು ಎತ್ತರದ, ಅಂದರೆ ಕಾಲು ತರಂಗದ, ವರ್ಟಿಕಲ್ ಎಂದರೆ ಅರ್ಧ ಆಂಟೆನಾ ಮಾತ್ರ; ಉಳಿದರ್ಧ ನೆಲದಲ್ಲಿದೆ. ಕಂಬದಿಂದ ಹೊರಟ ವಿದ್ಯುತ್ ಕ್ಷೇತ್ರವು ಸುತ್ತಲಿನ ನೆಲವನ್ನು ತಾಕಿ, ಅಲ್ಲಿಂದ ಪ್ರವಾಹವಾಗಿ ಬುಡಕ್ಕೆ ಮರಳಬೇಕು. ಮರಳುವ ದಾರಿ ತಾಮ್ರದ್ದಾದರೆ ನಷ್ಟ ಅತ್ಯಲ್ಪ. ದಾರಿ ಮಣ್ಣಿನದಾದರೆ ಪ್ರೇಷಕದ ಶಕ್ತಿಯ ಒಂದು ಪಾಲು ಮಣ್ಣನ್ನು ಬೆಚ್ಚಗಾಗಿಸುವುದರಲ್ಲಿಯೇ ಮುಗಿಯುತ್ತದೆ.

ಮೊದಲ ಹಂತ: ಮಣ್ಣನ್ನು ಅರಿಯುವುದು

ಸಾಧಾರಣ ಮಣ್ಣಿನ ವಾಹಕತೆಯನ್ನು ಮೀಟರಿಗೆ 0.005 ಸೀಮೆನ್ಸ್ ಎಂದೂ ವಿದ್ಯುತ್ ಕ್ಷೇತ್ರಕ್ಕೆ ಮಣ್ಣು ಎಷ್ಟು ಸ್ಪಂದಿಸುತ್ತದೆಂದು ಹೇಳುವ ಡೈಎಲೆಕ್ಟ್ರಿಕ್ ಸ್ಥಿರಾಂಕವನ್ನು 13 ಎಂದೂ ಹಿಡಿಯುವುದು ವಾಡಿಕೆ. ಕಲ್ಲು, ಒಣ ಮರಳುಗಳ ಕಳಪೆ ನೆಲದಲ್ಲಿ ವಾಹಕತೆ 0.001ಕ್ಕೆ ಇಳಿಯುತ್ತದೆ, ತೇವ ಹಿಡಿದಿಡುವ ಫಲವತ್ತಾದ ಜೇಡಿಮಣ್ಣಿನಲ್ಲಿ 0.03ರವರೆಗೆ ಏರುತ್ತದೆ, ಸಮುದ್ರದ ನೀರಿನಲ್ಲಿ ಸುಮಾರು 5 ಇರುತ್ತದೆ. ಅಂದರೆ ಕಳಪೆ ನೆಲಕ್ಕೂ ಸಮುದ್ರಕ್ಕೂ ನಡುವೆ ಸುಮಾರು ಐದು ಸಾವಿರ ಪಟ್ಟು ಅಂತರವಿದೆ.

ತೇವವು ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ 80ರ ಆಸುಪಾಸಿನಲ್ಲಿದ್ದು, ಒಣ ಮರಳಿನದು 3ರಿಂದ 5 ಮಾತ್ರ ಆಗಿರುವುದರಿಂದ, ಮಣ್ಣು ನೆನೆದಂತೆ ಅದರ ಮೇಲೆ ಮಲಗಿರುವ ತಂತಿ ವಿದ್ಯುತ್ ದೃಷ್ಟಿಯಲ್ಲಿ ಉದ್ದವಾಗುತ್ತದೆ. ಇನ್ನೊಂದೆಡೆ, ಮಣ್ಣಿನ ಲವಣಗಳು ನೀರಿನಲ್ಲಿ ಕರಗಿ ಅಯಾನುಗಳಾಗಿ ವಾಹಕತೆಯನ್ನು ಹೆಚ್ಚಿಸುತ್ತವೆ. ಶುದ್ಧ ನೀರು ಒಳ್ಳೆಯ ವಾಹಕವಲ್ಲ. ಆದ್ದರಿಂದಲೇ ಲವಣ ತೊಳೆದುಹೋದ ಮರಳು ಎಷ್ಟು ಒದ್ದೆಯಾದರೂ ಜೇಡಿಮಣ್ಣಿಗೆ ಸಮನಾಗುವುದಿಲ್ಲ.

ಇಲ್ಲಿ ಆಳದ ಲೆಕ್ಕವನ್ನು ಮರೆಯಬಾರದು. ಸಾಧಾರಣ ಮಣ್ಣಿನಲ್ಲಿ 7 ಮೆಗಾಹರ್ಟ್ಸ್‌ನ ಪ್ರವಾಹ ಸುಮಾರು 4 ಮೀಟರ್ ಆಳಕ್ಕೂ, 1.8 ಮೆಗಾಹರ್ಟ್ಸ್‌ನದು 5ರಿಂದ 6 ಮೀಟರ್ ಆಳಕ್ಕೂ ಇಳಿಯುತ್ತದೆ. ಸಂಜೆ ಸುರಿದ ಒಂದು ಮಳೆ ಒದ್ದೆ ಮಾಡುವುದು ಮೇಲಿನ ಕೆಲವು ಸೆಂಟಿಮೀಟರ್‌ಗಳನ್ನು ಮಾತ್ರ. ಅದರಿಂದ ಹುಲ್ಲಿನ ಮೇಲಿನ ತಂತಿಯ ಅನುರಣನ, ಅಂದರೆ ಅದು ಸಹಜವಾಗಿ ಸ್ಪಂದಿಸುವ ಆವರ್ತನ, ಕದಲಬಹುದು. ಆದರೆ ನೆಲ ನಿಜವಾಗಿ ಸುಧಾರಿಸಬೇಕಾದರೆ ತೇವ ಮೀಟರ್‌ಗಳ ಆಳಕ್ಕೆ ಇಳಿದು ಅಲ್ಲಿಯೇ ನಿಲ್ಲಬೇಕು. ಬುಡಕ್ಕೆ ಕೊಡಗಟ್ಟಲೆ ನೀರು ಹೊಯ್ಯುವುದು, ಉಪ್ಪು ಸುರಿಯುವುದು ಇವೆಲ್ಲ ವ್ಯರ್ಥ ಪ್ರಯಾಸ. ಉಪ್ಪು ನಾಲ್ಕು ಮಳೆಗೆ ಕೊಚ್ಚಿಹೋಗುತ್ತದೆ, ಹೋಗುವ ಮುನ್ನ ಗಿಡವನ್ನೂ ಲೋಹದ ಜೋಡಣೆಯನ್ನೂ ತಿಂದಿರುತ್ತದೆ.

ನಿಮ್ಮ ಮಣ್ಣಿನ ಸ್ವಭಾವ ತಿಳಿಯಲು ಎರಡು ಸಲಾಕೆಗಳ ನಡುವೆ ಮಲ್ಟಿಮೀಟರ್ ಹಿಡಿಯಬೇಡಿ. ನೇರ ಪ್ರವಾಹದ ಆ ಅಳತೆ ರೇಡಿಯೊ ಆವರ್ತನದಲ್ಲಿ ಮಣ್ಣು ಹೇಗೆ ವರ್ತಿಸುತ್ತದೆಂದು ಹೇಳುವುದಿಲ್ಲ. ಅದಕ್ಕೆ ಬದಲಾಗಿ, ಒಟ್ಟು 20 ಮೀಟರ್ ಉದ್ದದ ಇನ್ಸುಲೇಟೆಡ್ ತಂತಿಯ ಡೈಪೋಲ್ (ನಡುವೆ ಕತ್ತರಿಸಿದ, ಎರಡು ಸಮ ತೋಳುಗಳ ಆಂಟೆನಾ) ಒಂದನ್ನು ನೆಲದ ಮೇಲೆಯೇ ನೇರವಾಗಿ ಮಲಗಿಸಿ, ನಡುವಿಗೆ ಆಂಟೆನಾ ಅಳೆಯುವ ಉಪಕರಣವಾದ ಅನಲೈಸರ್ ಜೋಡಿಸಿ, ಅನುರಣನ ಎಲ್ಲಿದೆಯೆಂದು ನೋಡಿ. ಗಾಳಿಯಲ್ಲಿ 7.1 ಮೆಗಾಹರ್ಟ್ಸ್‌ನ ಸಮೀಪ ಅನುರಣಿಸಬೇಕಾದ ಈ ತಂತಿ ನೆಲದ ಮೇಲೆ 5 ಮೆಗಾಹರ್ಟ್ಸ್‌ನ ಆಸುಪಾಸಿಗೆ ಇಳಿಯುವುದು ಸಾಮಾನ್ಯ. ಒಣ ಕಾಲದಲ್ಲಿ ಒಮ್ಮೆ, ಮಳೆಗಾಲದ ನಡುವೆ ಒಮ್ಮೆ ಇದೇ ತಂತಿಯನ್ನು ಅದೇ ಜಾಗದಲ್ಲಿ ಮಲಗಿಸಿ ಅಳೆದರೆ, ನಿಮ್ಮ ಮೇಲ್ಮಣ್ಣು ತೇವಕ್ಕೆ ಎಷ್ಟು ಸ್ಪಂದಿಸುತ್ತದೆಂಬುದು ಕಣ್ಣಿಗೆ ಕಾಣುತ್ತದೆ.

ಎರಡನೆಯ ಹಂತ: ಯಾವ ಆಂಟೆನಾ?

ರೇಡಿಯಲ್‌ಗಳು ಸರಿಪಡಿಸುವುದು ಬುಡದ ಸುತ್ತಲಿನ ನಷ್ಟವನ್ನು ಮಾತ್ರ. ದಿಗಂತದತ್ತ ಹೊರಡುವ ಅಲೆ ಆಂಟೆನಾದಿಂದ ಎಷ್ಟೋ ತರಂಗಾಂತರ ದೂರದ ನೆಲದಲ್ಲಿ ಪ್ರತಿಫಲಿಸಬೇಕು, ಮತ್ತು ಆ ನೆಲ ನಿಮ್ಮ ಕೈಯಲ್ಲಿಲ್ಲ. ವರ್ಟಿಕಲ್ ಹೊರಡಿಸುವ ಲಂಬ ಧ್ರುವೀಕರಣದ ಅಲೆಗೆ ಸಾಧಾರಣ ಮಣ್ಣಿನಲ್ಲಿ 40 ಮೀಟರ್ ಬ್ಯಾಂಡಿನಲ್ಲಿ ದಿಗಂತದಿಂದ ಸುಮಾರು 14 ಡಿಗ್ರಿಗಿಂತ ಕೆಳಗೆ ಈ ಪ್ರತಿಫಲನ ನೇರ ಅಲೆಗೆ ಎದುರಾಗಿ ಅದನ್ನು ಕುಗ್ಗಿಸುತ್ತದೆ. ಒಣ ಕಳಪೆ ನೆಲದಲ್ಲಿ ಈ ಗಡಿ 20 ಡಿಗ್ರಿಯನ್ನೂ ಮೀರುತ್ತದೆ. ಸಮುದ್ರದ ಮೇಲೆ ಅದು ಒಂದು ಡಿಗ್ರಿಗಿಂತಲೂ ಕಡಿಮೆ. ಉಪ್ಪುನೀರಿನ ಅಂಚಿನಲ್ಲಿ ನಿಂತ ಸಣ್ಣ ವರ್ಟಿಕಲ್ ಕೂಡ ದೂರದೂರಕ್ಕೆ ಕೇಳಿಸುವುದರ ಗುಟ್ಟು ಇದೇ. ಸಮತಲ ಡೈಪೋಲಿನ ಅಲೆಯನ್ನು ಕಳಪೆ ಮಣ್ಣು ಕೂಡ ಸಾಕಷ್ಟು ಚೆನ್ನಾಗಿ ಪ್ರತಿಫಲಿಸುತ್ತದೆ. ಆದ್ದರಿಂದ ನೆಲ ಕಲ್ಲು-ಮರಳಾಗಿದ್ದು, ಎತ್ತರದ ಎರಡು ಆಧಾರಗಳು ಸಿಗುವಂತಿದ್ದರೆ, 40 ಮೀಟರ್ ಬ್ಯಾಂಡಿಗೆ ಡೈಪೋಲನ್ನೇ ಏರಿಸಿ, ಈ ಲೇಖನದ ಉಳಿದ ಭಾಗವನ್ನು ಬಿಟ್ಟುಬಿಡಿ. 80 ಮತ್ತು 160 ಮೀಟರ್ ಬ್ಯಾಂಡುಗಳಲ್ಲಿ ಡೈಪೋಲಿಗೆ ಬೇಕಾದ ಅರ್ಧ ತರಂಗಾಂತರದ ಎತ್ತರ ಎಂದರೆ ಕ್ರಮವಾಗಿ 40 ಮತ್ತು 80 ಮೀಟರ್ ಆಗುವುದರಿಂದ ಹೆಚ್ಚಿನವರಿಗೆ ವರ್ಟಿಕಲ್ ಬಿಟ್ಟು ಬೇರೆ ದಾರಿಯಿಲ್ಲ.

ಮೂರನೆಯ ಹಂತ: ರೇಡಿಯಲ್ ಹಾಸುವುದು

ಎಷ್ಟು ರೇಡಿಯಲ್ ಬೇಕು? ಅಮೆರಿಕದ ಆರ್‌ಸಿಎ ಸಂಸ್ಥೆಯ ಬ್ರೌನ್, ಲೂಯಿಸ್ ಮತ್ತು ಎಪ್‌ಸ್ಟೀನ್ ಅವರು 2ರಿಂದ 113ರವರೆಗೆ ರೇಡಿಯಲ್‌ಗಳನ್ನು ಹೂತು ಅಳೆದು 1937ರಲ್ಲಿ ಪ್ರಕಟಿಸಿದ ಫಲಿತಾಂಶವೇ ಇಂದಿಗೂ ಅಡಿಪಾಯ. ಅಲ್ಲಿನ ಮೀಡಿಯಂ ವೇವ್ ಪ್ರಸಾರ ಕೇಂದ್ರಗಳ 120 ರೇಡಿಯಲ್‌ಗಳ ರೂಢಿಯ ಹಿಂದಿರುವುದೂ ಅದೇ. ಹವ್ಯಾಸಿಗೆ ಅಷ್ಟು ಬೇಕಿಲ್ಲ. ನಾಲ್ಕರಿಂದ ಹದಿನಾರಕ್ಕೆ ಹೋದಾಗ ಸಿಗುವ ಲಾಭ ದೊಡ್ಡದು, ಹದಿನಾರರಿಂದ ಮೂವತ್ತೆರಡಕ್ಕೆ ಸಣ್ಣದು, ಅದರಾಚೆಗೆ ಡೆಸಿಬೆಲ್‌ನ ಚೂರುಪಾರು. ನನ್ನನ್ನು ಕೇಳಿದರೆ ಹದಿನಾರಕ್ಕಿಂತ ಕಡಿಮೆ ಬೇಡ, ಮೂವತ್ತೆರಡಾದ ಮೇಲೆ ತಾಮ್ರಕ್ಕೆ ಹಣ ಹಾಕುವುದೂ ಬೇಡ.

ಉದ್ದದ ವಿಷಯದಲ್ಲಿ ಕಾಲು ತರಂಗಕ್ಕೆ ಸರಿಯಾಗಿ ಕತ್ತರಿಸಬೇಕೆಂಬ ಹಟ ಅನಗತ್ಯ. ನೆಲದ ಮೇಲಿನ ತಂತಿಯ ಅನುರಣನವನ್ನು ಮಣ್ಣು ಹೇಗೂ ಕೆಡಿಸುತ್ತದೆ. ಕೈಯಲ್ಲಿರುವ ತಂತಿ ಕಡಿಮೆಯಾಗಿದ್ದರೆ ಉದ್ದನೆಯ ನಾಲ್ಕಕ್ಕಿಂತ ಗಿಡ್ಡನೆಯ ಹದಿನಾರು ಮೇಲು, ಏಕೆಂದರೆ ಪ್ರವಾಹ ಹೆಚ್ಚು ದಟ್ಟವಾಗಿರುವುದು ಬುಡದ ಸಮೀಪದಲ್ಲಿ. ನಾಲ್ಕೇ ನಾಲ್ಕು ಇರುವಾಗ ತೀರಾ ಉದ್ದವಾದರೆ ನಷ್ಟ ಹೆಚ್ಚುವುದೂ ಉಂಟು.

ಇನ್ಸುಲೇಟೆಡ್ ತಾಮ್ರದ ತಂತಿಯನ್ನೇ ಬಳಸಿ. ಅಗ್ಗವೆಂದು ಮಾರುವ ಅಲ್ಯೂಮಿನಿಯಂ ತಂತಿ ತೇವದ ಮಣ್ಣಿನಲ್ಲಿ ಪುಡಿಯಾಗುತ್ತದೆ. ಹುಲ್ಲನ್ನು ಗಿಡ್ಡಗೆ ಕತ್ತರಿಸಿ, ತಂತಿಯನ್ನು ಎಳೆದು, ಬಗ್ಗಿಸಿದ ಮೊಳೆಗಳಿಂದ ನೆಲಕ್ಕೆ ಒತ್ತಿದರೆ ಸಾಕು. ಆಳಕ್ಕೆ ಹೂಳುವುದರಿಂದ ಲಾಭವಿಲ್ಲ. ಬುಡದ ಸಲಾಕೆ ಸಿಡಿಲಿಗೆ ಮತ್ತು ಸುರಕ್ಷತೆಗೆ ಬೇಕೇ ಬೇಕು, ಆದರೆ ಅದನ್ನು ರೇಡಿಯಲ್‌ಗಳ ಲೆಕ್ಕಕ್ಕೆ ಸೇರಿಸಬೇಡಿ. ‘ರೇಡಿಯಲ್ ಬೇಕಿಲ್ಲ’ ಎಂದು ಜಾಹೀರಾತು ಮಾಡುವ ನೆಲಮಟ್ಟದ ಕಾಲು ತರಂಗದ ವರ್ಟಿಕಲ್‌ಗಳಲ್ಲಿ ಆ ಕೆಲಸವನ್ನು ಹೆಚ್ಚಾಗಿ ಕೋ-ಆಕ್ಸ್ ಕೇಬಲ್‌ನ ಹೊರಗವಚವೇ ಸದ್ದಿಲ್ಲದೆ ಮಾಡುತ್ತಿರುತ್ತದೆ.

ನಾಲ್ಕನೆಯ ಹಂತ: ಅಳೆಯುವುದು, ಅಳೆದದ್ದನ್ನು ಓದುವುದು

ಎಲ್ಲರೂ ಎಡವುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ಹೋಗೋಣ. ಆದರ್ಶ ನೆಲದ ಮೇಲಿನ ಕಾಲು ತರಂಗದ ವರ್ಟಿಕಲ್‌ನ ವಿಕಿರಣ ರೋಧ, ಅಂದರೆ ಶಕ್ತಿ ಅಲೆಯಾಗಿ ಹೊರಡುವುದನ್ನು ಪ್ರತಿನಿಧಿಸುವ ರೋಧ, ಸುಮಾರು 36 ಓಮ್. ಬುಡದಲ್ಲಿ ನೀವು ಅಳೆಯುವ ರೋಧ ಈ 36ಕ್ಕೆ ಮಣ್ಣಿನ ನಷ್ಟದ ರೋಧ ಸೇರಿದ ಮೊತ್ತ. 36 ಓಮ್ ಇದ್ದಾಗ 50 ಓಮ್ ಕೇಬಲ್‌ನಲ್ಲಿ ಎಸ್‌ಡಬ್ಲ್ಯುಆರ್ 1.4. ಮಣ್ಣು 34 ಓಮ್ ಸೇರಿಸಿ ಮೊತ್ತ 70 ಆದಾಗಲೂ ಅದು 1.4ರಷ್ಟೇ. ಮೊದಲನೆಯದರಲ್ಲಿ ಶಕ್ತಿ ಬಹುತೇಕ ಪೂರ್ತಿ ಹೊರಗೆ ಹೊರಡುತ್ತದೆ. ಎರಡನೆಯದರಲ್ಲಿ ಹತ್ತಿರಹತ್ತಿರ ಅರ್ಧ ಮಣ್ಣಿನ ಪಾಲು. ಮೀಟರ್‌ನ ಮುಳ್ಳು ಎರಡೂ ಕಡೆ ಒಂದೇ ಜಾಗದಲ್ಲಿ ನಿಲ್ಲುತ್ತದೆ. ನಡುವೆ, ಮಣ್ಣು ಸರಿಯಾಗಿ 14 ಓಮ್ ಸೇರಿಸಿದಾಗ, ಎಸ್‌ಡಬ್ಲ್ಯುಆರ್ 1.0 ಎಂದು ತೋರಿ ಹವ್ಯಾಸಿಯನ್ನು ಹಿಗ್ಗಿಸುತ್ತದೆ. ಶಕ್ತಿಯ ಶೇಕಡ 28ರಷ್ಟು ಆಗ ನೆಲಕ್ಕೆ ಹೋಗುತ್ತಿರುತ್ತದೆ. ಮೊದಲು ಹೇಳಿದ ಪರಿಚಿತರ ಆಂಟೆನಾ 55 ಓಮ್‌ನಿಂದ 39 ಓಮ್‌ಗೆ ಇಳಿದಿತ್ತು, ಅಂದರೆ ದಕ್ಷತೆ ಶೇಕಡ 65ರಿಂದ 92ಕ್ಕೆ ಏರಿತ್ತು.

ಆದ್ದರಿಂದ ಎಸ್‌ಡಬ್ಲ್ಯುಆರ್ ಅಂಕಿಯನ್ನು ಮುಚ್ಚಿಟ್ಟು ರೋಧದ ಅಂಕಿಯನ್ನೇ ನೋಡಿ. ಅನಲೈಸರನ್ನು ಆದಷ್ಟು ಗಿಡ್ಡ ತಂತಿಗಳಿಂದ ನೇರವಾಗಿ ಆಂಟೆನಾದ ಬುಡಕ್ಕೆ ಜೋಡಿಸಿ. ಕೋಣೆಯೊಳಗೆ ಕುಳಿತು ಕೇಬಲ್‌ನ ಈ ತುದಿಯಲ್ಲಿ ಅಳೆದರೆ ಕೇಬಲ್ ರೋಧವನ್ನು ಬೇರೆಯೇ ಅಂಕಿಯಾಗಿ ತಿರುಗಿಸಿ ತೋರಿಸುತ್ತದೆ. ಅಲ್ಲಿಂದಲೇ ಅಳೆಯಬೇಕಾದರೆ ಕೇಬಲ್‌ನ ಆ ತುದಿಯಲ್ಲಿ ಕ್ಯಾಲಿಬ್ರೇಷನ್ ಮಾಡಿಕೊಳ್ಳಿ. ಕೇಬಲನ್ನು ಜೋಡಿಸಿಯೇ ಅಳೆಯುವುದಾದರೆ ಬುಡದ ಬಳಿ ಹೊರಗವಚದ ಪ್ರವಾಹವನ್ನು ತಡೆಯುವ ಫೆರೈಟ್ ಚೋಕ್ ಇರಲಿ, ಇಲ್ಲದಿದ್ದರೆ ಕೇಬಲ್‌ನ ಹೊರಗವಚ ಲೆಕ್ಕಕ್ಕಿಲ್ಲದ ಇನ್ನೊಂದು ರೇಡಿಯಲ್ ಆಗುತ್ತದೆ. ಉಪಕರಣವನ್ನು ನೆಲದ ಮೇಲಿಟ್ಟು, ಕೈ ದೂರ ತೆಗೆದು ಓದಿ. ಮುಟ್ಟಿದಾಗ ಅಂಕಿ ಕುಣಿದರೆ ಆ ಓದನ್ನು ನಂಬಬೇಡಿ.

ನಾಲ್ಕು ರೇಡಿಯಲ್ ಹಾಸಿ ಒಂದು ಓದು ತೆಗೆದುಕೊಳ್ಳಿ, ಎಂಟಾದಾಗ ಇನ್ನೊಂದು, ಹದಿನಾರಾದಾಗ ಮತ್ತೊಂದು. ಪ್ರತಿ ಸಲವೂ ಅನಲೈಸರ್ ತೋರಿಸುವ ರಿಯಾಕ್ಟೆನ್ಸ್ (X) ಸೊನ್ನೆಯಾಗುವ ಆವರ್ತನವನ್ನು, ಅಂದರೆ ಅನುರಣನವನ್ನು, ಹೊಸದಾಗಿ ಹುಡುಕಿ, ಅಲ್ಲಿನ ರೋಧವನ್ನೇ ಬರೆದುಕೊಳ್ಳಬೇಕು. ಏಕೆಂದರೆ ರೇಡಿಯಲ್ ಸೇರಿಸಿದಂತೆ ಅನುರಣನವೂ ಜರುಗುತ್ತದೆ. ಸಂಖ್ಯೆಯನ್ನು ದ್ವಿಗುಣಗೊಳಿಸಿದರೂ ರೋಧ ಒಂದೆರಡು ಓಮ್‌ಗಿಂತ ಹೆಚ್ಚು ಇಳಿಯದಿದ್ದರೆ ಅಲ್ಲಿಗೆ ನಿಲ್ಲಿಸಿ. ಬ್ಯಾಂಡ್‌ವಿಡ್ತ್ ಕಿರಿದಾಗುತ್ತ ಹೋಗುವುದನ್ನೂ ಗಮನಿಸಿ. ಅದು ದೋಷವಲ್ಲ, ನಷ್ಟ ತಗ್ಗಿದ್ದರ ಗುರುತು. 36 ಓಮ್ ಎಂಬುದು ಆದರ್ಶದ ಅಂಕಿಯಾದ್ದರಿಂದ ಈ ಕಳೆಯುವ ಲೆಕ್ಕ ಅಂದಾಜಿನದು, ಆದರೆ ಯಾವ ದಿಕ್ಕಿಗೆ ಹೋಗುತ್ತಿದ್ದೀರೆಂದು ಅದು ತಪ್ಪಿಲ್ಲದೆ ಹೇಳುತ್ತದೆ. ಕೊನೆಯಲ್ಲಿ ಉಳಿದ 36ರಿಂದ 40 ಓಮ್ ನಿಮ್ಮ ಮನಸ್ಸಿಗೆ ಒಗ್ಗದಿದ್ದರೆ ಬುಡದಲ್ಲಿ ಸಣ್ಣ ಮ್ಯಾಚಿಂಗ್ ಕಾಯಿಲ್ ಹಾಕಿ. ಮಣ್ಣಿನಿಂದ ಮ್ಯಾಚಿಂಗ್ ಮಾಡಿಸಬೇಡಿ.

ಗಿಡ್ಡ ವರ್ಟಿಕಲ್ ಇಟ್ಟುಕೊಂಡವರು ಇನ್ನಷ್ಟು ಎಚ್ಚರವಾಗಿರಬೇಕು. 80 ಮೀಟರ್ ಬ್ಯಾಂಡಿಗೆ 10 ಮೀಟರ್ ಎತ್ತರದ ಕಂಬ, ಬುಡದಲ್ಲಿ ಕಾಯಿಲ್ ಎಂದರೆ ವಿಕಿರಣ ರೋಧ ಕೇವಲ 6 ಓಮ್‌ನ ಆಸುಪಾಸು. ಪೂರ್ಣ ಉದ್ದದ ಆಂಟೆನಾಕ್ಕೆ ಹೆಚ್ಚು ಅಡ್ಡಿಯಾಗದ 10 ಓಮ್‌ನ ಮಣ್ಣಿನ ನಷ್ಟ ಇಲ್ಲಿ ಶಕ್ತಿಯ ಶೇಕಡ 60ಕ್ಕಿಂತ ಹೆಚ್ಚನ್ನು ನುಂಗುತ್ತದೆ, ಕಾಯಿಲ್‌ನ ನಷ್ಟ ಇನ್ನೂ ಬೇರೆ. ಕಂಬ ಗಿಡ್ಡವಾದಷ್ಟೂ ರೇಡಿಯಲ್ ಹೆಚ್ಚಬೇಕು; ಜನ ಮಾಡುವುದು ಸರಿಯಾಗಿ ಇದರ ತಲೆಕೆಳಗು.

ಐದನೆಯ ಹಂತ: ನೆಲ ಬಿಟ್ಟು ಮೇಲೆತ್ತುವುದು

ಹಾಸಲು ಜಾಗವಿಲ್ಲದಿದ್ದರೆ ನಾಲ್ಕು ರೇಡಿಯಲ್‌ಗಳನ್ನು ನೆಲದಿಂದ ಎರಡು-ಮೂರು ಮೀಟರ್ ಮೇಲೆ ಸಮಾನ ಅಂತರದಲ್ಲಿ ಕಟ್ಟಬಹುದು. ಸರಿಯಾಗಿ ಮಾಡಿದರೆ ಅವು ನೆಲದ ಮೇಲಿನ ಹತ್ತಾರು ರೇಡಿಯಲ್‌ಗಳಿಗೆ ಸಾಟಿಯಾಗುತ್ತವೆ. ಆದರೆ ಇಲ್ಲಿ ಉದ್ದ ಮುಖ್ಯ, ನಾಲ್ಕೂ ಸಮನಾಗಿರಬೇಕು, ಕೇಬಲ್‌ಗೆ ಚೋಕ್ ಕಡ್ಡಾಯ. ತುದಿಗಳಲ್ಲಿ ಸುಟ್ಟುಬಿಡುವಷ್ಟು ವೋಲ್ಟೇಜ್ ಇರುವುದರಿಂದ ಯಾರ ಕೈಗೂ ಎಟುಕದಂತೆ ಕಟ್ಟಿ.

ಆರನೆಯ ಹಂತ: ಋತುವಿನ ಓದು

ಮಳೆಗಾಲದಲ್ಲಿ ಒಮ್ಮೆ, ಒಣ ಕಾಲದ ಕೊನೆಯಲ್ಲಿ ಒಮ್ಮೆ ಬುಡದ ರೋಧ ಮತ್ತು ಅನುರಣನ ಆವರ್ತನವನ್ನು ಪುಸ್ತಕದಲ್ಲಿ ಬರೆದಿಡಿ. ರೇಡಿಯಲ್‌ಗಳು ಸಾಕಷ್ಟಿದ್ದರೆ ಎರಡು ಓದುಗಳ ನಡುವೆ ವ್ಯತ್ಯಾಸ ಅತ್ಯಲ್ಪ; ವ್ಯತ್ಯಾಸ ಹೆಚ್ಚಿದ್ದರೆ ಪ್ರವಾಹ ಇನ್ನೂ ಮಣ್ಣಿನಲ್ಲಿಯೇ ಹರಿಯುತ್ತಿದೆಯೆಂದು ತಿಳಿದು ಇನ್ನಷ್ಟು ತಂತಿ ಹಾಸಿ. ಇದ್ದಕ್ಕಿದ್ದಂತೆ ರೋಧ ಏರಿದರೆ ಮಣ್ಣನ್ನು ದೂರುವ ಮೊದಲು ಬುಡದ ಜೋಡಣೆಗಳನ್ನು ಬಿಚ್ಚಿ ನೋಡಿ, ಹಸಿರು ಕಿಲುಬು ಅಲ್ಲಿರುವ ಸಾಧ್ಯತೆಯೇ ಹೆಚ್ಚು.

ಮಣ್ಣಿನ ಮೇಲಿನ ಈ ದೂರು, ಸಂಕೇತಗಳನ್ನು ಕೇಳಲಷ್ಟೇ ಬಳಸುವ ಆಂಟೆನಾಕ್ಕೆ ಅನ್ವಯಿಸುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಹೆರಾಲ್ಡ್ ಬೆವರೇಜ್ ಅವರ ಹೆಸರಿನ, ನೆಲಕ್ಕೆ ಸಮೀಪದಲ್ಲಿ ಉದ್ದಕ್ಕೆ ಎಳೆದ ತಂತಿಯ ಆಂಟೆನಾ ಕೆಲಸ ಮಾಡುವುದೇ ಕಳಪೆ ಮಣ್ಣು ಅಲೆಯನ್ನು ಮುಂದಕ್ಕೆ ವಾಲಿಸುವುದರಿಂದ. ಸಮುದ್ರದ ನೀರಿನ ಮೇಲೆ ಅದು ನಿಷ್ಪ್ರಯೋಜಕ. ಒಣ ಕಲ್ಲುನೆಲದವರು ಪ್ರೇಷಣಕ್ಕೆ ತಾಮ್ರ ಸುರಿಯುವಾಗ ಅದೇ ನೆಲದ ಇನ್ನೊಂದು ಅಂಚಿನಲ್ಲಿ ಇದನ್ನು ಎಳೆಯಬಹುದು.

ಮಳೆಗಾಲದಲ್ಲಿ ಆವರ್ತನ ಕೆಳಗೆ ಜಾರಿತೆಂದು ಕಂಬದ ತಂತಿಯನ್ನಾಗಲಿ ತಗ್ಗಿನ ಡೈಪೋಲನ್ನಾಗಲಿ ಕತ್ತರಿಸಲು ಹೋಗಬೇಡಿ. ನೆಲ ಒಣಗಿದೊಡನೆ ಆವರ್ತನ ತಾನಾಗಿ ಮೇಲೇರುತ್ತದೆ, ಕತ್ತರಿಸಿ ಎಸೆದ ತುಂಡನ್ನು ಆಗ ಹುಡುಕಿ ಬೆಸುಗೆ ಹಾಕಬೇಕಾಗುತ್ತದೆ. ತುದಿಯಲ್ಲಿ ಒಂದು ಗೇಣು ತಂತಿಯನ್ನು ಹಿಂದಕ್ಕೆ ಮಡಚಿ ತನ್ನ ಮೇಲೆಯೇ ಸುತ್ತಿಟ್ಟರೆ ಎರಡೂ ಕಾಲಕ್ಕೂ ಆಗುತ್ತದೆ.