ಏರು ಬಂದಾಗ ಮಾತ್ರ ಉಜ್ಜುತ್ತಿದ್ದ ಹಿಂದಿನ ಚಕ್ರ

ಮೊದಲು ಬಂದದ್ದು ಸದ್ದು. ಏರಿನಲ್ಲಿ ಸೈಕಲ್ ಸೀಟಿನಿಂದ ಎದ್ದು ಜೋರಾಗಿ ತುಳಿದರೆ ಹಿಂದಿನಿಂದ ‘ಸರ್ರ್... ಸರ್ರ್...’ ಅಂತ ಕೇಳಿಸುತ್ತಿತ್ತು. ಸಮತಟ್ಟಿಗೆ ಬಂದರೆ ನಿಲ್ಲುತ್ತಿತ್ತು. ತುಳಿಯುವುದು ಬಿಟ್ಟು ಸುಮ್ನೆ ಇಳಿಜಾರಿನಲ್ಲಿ ಬಿಟ್ಟರೆ ಸದ್ದೇ ಇಲ್ಲ. ನಿಜ ಹೇಳಬೇಕೆಂದರೆ ಉತ್ತರ ಆ ಮೂರು ಮಾತಿನಲ್ಲೇ ಇತ್ತು. ನಾನು ಅದನ್ನು ಕೇಳಿಸಿಕೊಳ್ಳದೆ ಎರಡು ವಾರ ಸ್ಪೋಕ್ ತಿರುಗಿಸುತ್ತಾ ಕೂತೆ.

ನನ್ನದು ಹಳೆಯ ಮೌಂಟನ್ ಬೈಕ್. ಸ್ಟೀಲ್ ಫ್ರೇಮ್, ರಿಮ್ ಬ್ರೇಕ್, ಹಿಂದೆ 7 ಹಲ್ಲುಚಕ್ರದ ಫ್ರೀವೀಲ್ (ಹಬ್ಬಿಗೆ ತಿರುಪಿ ಕೂರಿಸುವ ಹಲ್ಲುಚಕ್ರಗಳ ಗುಚ್ಛ), ಕ್ವಿಕ್ ರಿಲೀಸ್ ಹಬ್, ಅಂದರೆ ಲಿವರ್ ಸಡಿಲಿಸಿದರೆ ಚಕ್ರ ಬಿಚ್ಚಿ ಬರುವಂಥ ನಡುಭಾಗ. ಸದ್ದು ಶುರುವಾಗುವ ಒಂದು ತಿಂಗಳ ಹಿಂದಷ್ಟೇ 1.95 ಇಂಚಿನ ಟೈರ್ ತೆಗೆದು 2.1 ಇಂಚಿನದ್ದು ಹಾಕಿದ್ದೆ. ಹಾಗಾಗಿ ನನ್ನ ಅನುಮಾನ ನೇರವಾಗಿ ಟೈರ್ ಮೇಲೆ. ಲೆಕ್ಕ ಹಾಕಿ ನೋಡಿದರೆ ಅಗಲ ಹೆಚ್ಚಿದ್ದು ಸುಮಾರು 4 ಮಿ.ಮೀ., ಅಂದರೆ ಒಂದೊಂದು ಕಡೆಗೆ 2 ಮಿ.ಮೀ. ಮಾತ್ರ. ಚಕ್ರ ನಿಂತಿರುವಾಗ ಟೈರಿಗೂ ಫ್ರೇಮಿಗೂ ನಡುವೆ ಎರಡೂ ಕಡೆ ಬೆರಳು ತೂರುವಷ್ಟಲ್ಲದಿದ್ದರೂ ಸಾಕಷ್ಟು ಜಾಗವಿತ್ತು. ಟೈರ್ ಅಗಲವಾಗಿದ್ದೇ ಕಾರಣವಾಗಿದ್ದರೆ ಯಾವಾಗಲೂ ಉಜ್ಜಬೇಕಿತ್ತು, ಅಲ್ವಾ? ಈ ಪ್ರಶ್ನೆ ನನಗೆ ಆಗ ಹೊಳೆಯಲಿಲ್ಲ.

ಟೈರ್ ರಿಮ್ಮಿನಲ್ಲಿ ಸರಿಯಾಗಿ ಕೂತಿಲ್ಲವೇನೋ ಅಂತ ನೋಡಿದೆ. ಟೈರಿನ ಪಕ್ಕದಲ್ಲಿ, ರಿಮ್ಮಿಗೆ ಹತ್ತಿರ, ಒಂದು ತೆಳ್ಳನೆಯ ಗೆರೆ ಇರುತ್ತದೆ. ಸುತ್ತಲೂ ಆ ಗೆರೆ ರಿಮ್ಮಿನಿಂದ ಒಂದೇ ದೂರದಲ್ಲಿರಬೇಕು. ಎಲ್ಲಾದರೂ ಒಳಗೆ ಹೋಗಿದ್ದರೆ ಅಲ್ಲಿ ಟೈರ್ ಕೂತಿಲ್ಲ ಅಂತ ಅರ್ಥ. ನನ್ನದರಲ್ಲಿ ಸರಿಯಾಗಿತ್ತು.

ಆಮೇಲೆ ಕ್ವಿಕ್ ರಿಲೀಸ್ ಬಿಚ್ಚಿ, ಚಕ್ರವನ್ನು ಡ್ರಾಪೌಟಿನಲ್ಲಿ (ಚಕ್ರದ ಅಚ್ಚು, ಅಂದರೆ ಆಕ್ಸಲ್, ಕೂರುವ ಫ್ರೇಮಿನ ಸೀಳು) ಪೂರ್ತಿ ಒಳಗೆ ಕೂರಿಸಿ, ಲಿವರ್ ಗಟ್ಟಿಯಾಗಿ ಬಿಗಿದೆ. ಎರಡು ದಿನ ಸದ್ದಿಲ್ಲ. ಗೆದ್ದೆ ಅಂದುಕೊಂಡೆ. ಮೂರನೆಯ ದಿನ ಮತ್ತೆ ಶುರು.

ಈಗ ಫ್ರೇಮ್ ನೋಡಿದೆ. ಪೆಡಲ್ ತಿರುಗುವ ಅಚ್ಚಿನ ಹತ್ತಿರದಿಂದ ಹಿಂದಿನ ಆಕ್ಸಲ್‌ವರೆಗೆ ಹೋಗುವ ಅಡ್ಡ ಪೈಪುಗಳಿಗೆ ಚೈನ್‌ಸ್ಟೇ ಅನ್ನುತ್ತಾರೆ. ಎಡಗಡೆಯದರ ಒಳಮೈಯಲ್ಲಿ ಬಣ್ಣ ಹೋಗಿ ಲೋಹ ಹೊಳೆಯುತ್ತಿತ್ತು. ಬಲಗಡೆ ಒಂದು ಗೀರೂ ಇಲ್ಲ. ಚಕ್ರ ಎಡಕ್ಕೆ ವಾಲಿದೆ, ಬಲಕ್ಕೆ ಎಳೆದರೆ ಆಯ್ತು ಅಂತ ತೀರ್ಮಾನಿಸಿ ಸ್ಪೋಕ್ ಕೀ ಕೈಗೆತ್ತಿಕೊಂಡೆ. ಬೈಕ್ ತಲೆಕೆಳಗೆ ಮಾಡಿ ಚಕ್ರ ತಿರುಗಿಸಿದಾಗ ಬ್ರೇಕ್ ಪ್ಯಾಡ್‌ಗಳ ನಡುವೆ ರಿಮ್ ನೇರವಾಗೇ ಓಡುತ್ತಿತ್ತು. ಬೆಂಡೇ ಇಲ್ಲದ ಚಕ್ರಕ್ಕೆ ಬೆಂಡ್ ತೆಗೆಯಲು ಹೊರಟಿದ್ದೆ. ಬಲಗಡೆಯ ನಿಪ್ಪಲ್‌ಗಳನ್ನೆಲ್ಲ (ಸ್ಪೋಕ್ ತುದಿಯ ಪುಟ್ಟ ನಟ್ಟು) ಒಂದೊಂದಾಗಿ ಬಿಗಿದು ರಿಮ್ಮನ್ನು ಬಲಕ್ಕೆ ಎಳೆದೆ. ಬ್ರೇಕ್ ಮತ್ತೆ ಹೊಂದಿಸಬೇಕಾಯಿತು. ಚಿಕ್ಕ ಏರುಗಳಲ್ಲಿ ಸದ್ದು ನಿಂತಿತು, ದೊಡ್ಡ ಏರಿನಲ್ಲಿ ಹಾಗೇ ಇತ್ತು.

ಕೊನೆಗೆ ಒಂದು ಸಂಜೆ, ಏನನ್ನೂ ಮುಟ್ಟದೆ ಬರೀ ನೋಡೋಣ ಅಂತ ಕೂತೆ. ಬೆಂಡಾದ ಚಕ್ರ ಸುತ್ತಿಗೊಂದು ಸಲ ಉಜ್ಜುತ್ತದೆ. ಎಷ್ಟು ಮೆಲ್ಲಗೆ ಹೋದರೂ, ತುಳಿದರೂ ಬಿಟ್ಟರೂ, ಅದೇ ತಾಳ. ನೇರವಾಗಿದ್ದು ಒಂದು ಪಕ್ಕಕ್ಕೆ ಸರಿದಿರುವ ಚಕ್ರವಾದರೆ ಬಿಡದೆ ಉಜ್ಜುತ್ತದೆ. ನನ್ನದು ಎರಡೂ ಅಲ್ಲ. ನನ್ನ ಸದ್ದಿನ ತಾಳ ಕಾಲಿನದ್ದು, ಚಕ್ರದ್ದಲ್ಲ. ಒಂದು ತುಳಿತಕ್ಕೆ ಒಂದು ‘ಸರ್ರ್’. ಅಂದರೆ ಬಲ ಬಿದ್ದಾಗ ಮಾತ್ರ ಏನೋ ಸರಿಯುತ್ತಿದೆ.

ಹಾಗಾದರೆ ನಿಂತಲ್ಲೇ ಆ ಬಲ ಹಾಕಬೇಕು. ಗೇರನ್ನು ತೀರಾ ಹಗುರಕ್ಕೆ ತಂದೆ: ಮುಂದೆ ಚಿಕ್ಕ ಹಲ್ಲುಚಕ್ರ, ಹಿಂದೆ ದೊಡ್ಡದು. ಹಗುರ ಗೇರಿನಲ್ಲಿ ಚೈನ್ ಮೇಲೆ ಎಳೆತ ಕಮ್ಮಿ ಅಂತ ನಾನೂ ಅಂದುಕೊಂಡಿದ್ದೆ. ಅದು ಉಲ್ಟಾ. ಮುಂದಿನ ಹಲ್ಲುಚಕ್ರ ಚಿಕ್ಕದಾದಷ್ಟೂ ಅದೇ ತುಳಿತಕ್ಕೆ ಚೈನ್ ಜಾಸ್ತಿ ಬಿಗಿಯುತ್ತದೆ. ಬೈಕಿನ ಪಕ್ಕ ನಿಂತು, ಎರಡೂ ಬ್ರೇಕ್ ಒತ್ತಿ ಹಿಡಿದು, ಮುಂದಕ್ಕೆ ಅಡ್ಡವಾಗಿದ್ದ ಪೆಡಲ್ ಮೇಲೆ ಕಾಲಿಟ್ಟು ಮೈಭಾರ ಹಾಕಿದೆ. ಬಗ್ಗಿ ನೋಡಿದರೆ ಟೈರಿನ ಮುಂಭಾಗ ಕಣ್ಣೆದುರೇ ಎಡಕ್ಕೆ ಸರಿದು ಚೈನ್‌ಸ್ಟೇಗೆ ಅಂಟಿತು. ಕಾಲು ತೆಗೆದೆ, ವಾಪಸ್ ಮೊದಲಿನ ಜಾಗಕ್ಕೆ ಬಂತು.

ಎಡಕ್ಕೇ ಯಾಕೆ? ಚೈನ್ ಇರುವುದು ಬಲಗಡೆ. ಅದು ಆಕ್ಸಲ್‌ನ ಬಲತುದಿಯನ್ನು ಮುಂದಕ್ಕೆ ಎಳೆಯುತ್ತದೆ. ಬಲತುದಿ ಸ್ವಲ್ಪ ಮುಂದೆ ಬಂದರೂ ಸಾಕು, ಇಡೀ ಚಕ್ರ ಓರೆಯಾಗಿ ಅದರ ಮುಂಭಾಗ ಎಡಕ್ಕೆ ತಿರುಗುತ್ತದೆ. ಆಕ್ಸಲ್ ಹತ್ತಿರ ಒಂದು ಮಿಲಿಮೀಟರ್ ಜಾರಿದರೆ ಟೈರಿನ ಅಂಚಿನಲ್ಲಿ ಅದು ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಎಡ ಚೈನ್‌ಸ್ಟೇಯ ಗೀರು ಹೇಳುತ್ತಿದ್ದದ್ದು ಇದನ್ನೇ. ನಾನು ಅದನ್ನು ‘ಚಕ್ರ ಎಡಕ್ಕಿದೆ’ ಅಂತ ಓದಿದ್ದೆ.

ಇನ್ನು ಉಳಿದದ್ದು ಮೂರೇ ಅಂದುಕೊಂಡೆ: ಆಕ್ಸಲ್ ಡ್ರಾಪೌಟಿನಲ್ಲಿ ಜಾರುತ್ತಿರಬೇಕು, ಹಬ್ಬಿನ ಕೋನ್ (ಬೇರಿಂಗಿನ ಗೋಲಿಗಳನ್ನು ಒತ್ತಿ ಹಿಡಿಯುವ ನಟ್ಟು) ಸಡಿಲವಾಗಿರಬೇಕು, ಇಲ್ಲವೇ ಆಕ್ಸಲ್ಲೇ ಬಗ್ಗಿರಬೇಕು. ಹಿಂದೆ ಸಸ್ಪೆನ್ಶನ್ ಇರುವ ಬೈಕಾಗಿದ್ದರೆ ಕೀಲುಗಳ ಬೇರಿಂಗನ್ನೂ ನೋಡಬೇಕಿತ್ತು. ಟೈರನ್ನು ಚೈನ್‌ಸ್ಟೇ ಹತ್ತಿರ ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿದೆ. ‘ಕಟ್’ ಅಂತ ಸಣ್ಣ ಸದ್ದು, ಕೈಗೆ ತಿಳಿಯುವಷ್ಟು ಆಟ, ಅಂದರೆ ಅಲುಗಾಟ. ಕೋನ್ ಇರಬೇಕು ಅಂತ ಚಕ್ರ ಬಿಚ್ಚಿದೆ. ಕ್ವಿಕ್ ರಿಲೀಸ್ ಕಡ್ಡಿಯನ್ನು ಎಳೆದು ತೆಗೆದ ಕೂಡಲೇ ಆಕ್ಸಲ್‌ನ ಬಲಗಡೆಯ ತುಂಡು ನಟ್ಟಿನ ಸಮೇತ ಕೈಗೆ ಬಂತು.

ಆಕ್ಸಲ್ ಎರಡು ತುಂಡಾಗಿತ್ತು. ಅದು ಟೊಳ್ಳು, ಒಳಗಿಂದ ಹೋಗುವ ಕಡ್ಡಿ ಎರಡೂ ತುಂಡುಗಳನ್ನು ಸೇರಿಸಿ ಹಿಡಿದಿತ್ತು. ಆ ಕಡ್ಡಿಯ ದಪ್ಪ 5 ಮಿ.ಮೀ. ಅಷ್ಟೇ. ಲಿವರ್ ಜೋರಾಗಿ ಬಿಗಿದಾಗ ಎರಡು ದಿನ ಸುಮ್ಮನಿದ್ದದ್ದಕ್ಕೂ ಅದೇ ಕಾರಣ. ಅದರ ಮೇಲೆ ಇಳಿಜಾರುಗಳಲ್ಲಿ ಓಡಿಸಿದ್ದನ್ನು ನೆನೆದು ಎದೆ ಝಲ್ಲೆಂದಿತು.

ಇಂಥ ಹಬ್ಬುಗಳಲ್ಲಿ ಇದು ಅಪರೂಪವಲ್ಲ. ಫ್ರೀವೀಲ್ ಹಬ್ಬಿನಲ್ಲಿ ಬಲಗಡೆಯ ಬೇರಿಂಗ್ ಫ್ರೀವೀಲ್‌ನ ಒಳಪಕ್ಕದಲ್ಲಿರುತ್ತದೆ. ಅಲ್ಲಿಂದ ಡ್ರಾಪೌಟ್‌ವರೆಗೆ ಆಕ್ಸಲ್‌ಗೆ ಆಧಾರವೇ ಇಲ್ಲ. ಸವಾರನ ಭಾರ, ಚೈನಿನ ಎಳೆತ, ಗುಂಡಿಗಳ ಏಟು ಎಲ್ಲ ಆ ಉದ್ದನೆಯ ತುಂಡಿನ ಮೇಲೆ. ನನ್ನದು ಮುರಿದದ್ದೂ ಸರಿಯಾಗಿ ಬಲಗಡೆಯ ಕೋನ್ ಪಕ್ಕದಲ್ಲೇ. ಮುರಿದ ಮುಖದಲ್ಲಿ ಅರ್ಧ ಭಾಗ ಕಪ್ಪಾಗಿತ್ತು, ಅರ್ಧ ಹೊಳೆಯುತ್ತಿತ್ತು. ಬಿರುಕು ತುಂಬಾ ದಿನದಿಂದ ಇತ್ತು ಅಂತಾಯಿತು. ಟೈರ್ ಬದಲಿಸಿದ್ದು ಬರೀ ಕಾಕತಾಳೀಯ.

ಹೊಸ ಆಕ್ಸಲ್ ಆರಿಸುವಾಗ ಅಳತೆ ಮುಖ್ಯ. ನನ್ನ ಡ್ರಾಪೌಟ್‌ಗಳ ನಡುವಿನ ಅಂತರ 135 ಮಿ.ಮೀ. ಆಕ್ಸಲ್ ಅದಕ್ಕಿಂತ ಸುಮಾರು 10 ಮಿ.ಮೀ. ಉದ್ದವಿರಬೇಕು, ಆದರೆ ತುದಿಗಳು ಡ್ರಾಪೌಟ್‌ನ ಹೊರಮುಖ ದಾಟಬಾರದು. ದಾಟಿದರೆ ಕ್ವಿಕ್ ರಿಲೀಸ್ ಫ್ರೇಮ್ ಬದಲು ಆಕ್ಸಲ್ ತುದಿಯನ್ನೇ ಒತ್ತುತ್ತದೆ, ಚಕ್ರ ನಿಲ್ಲುವುದಿಲ್ಲ. ಹಳೆಯದನ್ನು ಬಿಚ್ಚುವಾಗ ವಾಷರ್, ನಟ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದು ತಂತಿಗೆ ಪೋಣಿಸಿಟ್ಟೆ. ಬಲದ ವಾಷರ್ ಎಡಕ್ಕೆ ಹೋದರೆ ಚಕ್ರ ನಡುವಿನಿಂದ ಸರಿಯುತ್ತದೆ. ಎರಡೂ ಕಡೆ ಕಾಲು ಇಂಚಿನ ಒಂಬತ್ತೊಂಬತ್ತು ಗೋಲಿ, ಹೊಸ ಗ್ರೀಸ್. ಕೋನ್ ಬಿಗಿಯುವಾಗ ಕೂದಲೆಳೆಯಷ್ಟು ಆಟ ಬಿಟ್ಟೆ. ಕ್ವಿಕ್ ರಿಲೀಸ್ ಬಿಗಿದಾಗ ಆಕ್ಸಲ್ ಒತ್ತಿಕೊಂಡು ಆ ಆಟ ಹೋಗುತ್ತದೆ. ಚಕ್ರ ಫ್ರೇಮಿನಲ್ಲಿದ್ದಾಗಲೂ ಆಟ ಉಳಿದರೆ ಮತ್ತೆ ಬಿಚ್ಚಿ ಸ್ವಲ್ಪ ಬಿಗಿಯಬೇಕು. ನನಗೆ ನಾಲ್ಕನೇ ಸಲಕ್ಕೆ ಸರಿಹೋಯಿತು.

ಇಷ್ಟಾದ ಮೇಲೆ ಚಕ್ರ ಹಾಕಿ ನೋಡಿದರೆ ಟೈರ್ ಬಲಗಡೆಗೆ ಹತ್ತಿರ! ಒಂದು ಕ್ಷಣ ಫ್ರೇಮೇ ಬಗ್ಗಿದೆಯೇನೋ ಅಂತ ಹೆದರಿದೆ. ಫ್ರೇಮೋ ಚಕ್ರವೋ ಅಂತ ತಿಳಿಯಲು ಒಂದು ಸುಲಭ ದಾರಿ ಇದೆ, ರಿಮ್ ಬ್ರೇಕಿನ ಬೈಕಿಗೆ. ಚೈನ್ ಪಕ್ಕಕ್ಕಿಟ್ಟು ಚಕ್ರವನ್ನು ತಿರುವು ಮುರುವು ಹಾಕಬೇಕು, ಫ್ರೀವೀಲ್ ಎಡಕ್ಕೆ ಬರುವ ಹಾಗೆ. ಟೈರ್ ಈಗ ಎಡಕ್ಕೆ ಹತ್ತಿರವಾದರೆ ತಪ್ಪು ಚಕ್ರದ್ದು. ಮೊದಲಿನ ಪಕ್ಕದಲ್ಲೇ ಉಳಿದರೆ ಫ್ರೇಮಿನದ್ದು. ನನ್ನ ಟೈರ್ ಎಡಕ್ಕೆ ಬಂತು. ನೆಮ್ಮದಿಗೆ ದಾರದ ಪರೀಕ್ಷೆಯನ್ನೂ ಮಾಡಿದೆ. ಒಂದು ಡ್ರಾಪೌಟಿಗೆ ದಾರ ಕಟ್ಟಿ, ಹ್ಯಾಂಡಲ್ ಕೆಳಗಿನ ಹೆಡ್ ಟ್ಯೂಬ್ ಸುತ್ತಿಸಿ ತಂದು ಇನ್ನೊಂದು ಡ್ರಾಪೌಟಿಗೆ ಬಿಗಿಯಾಗಿ ಕಟ್ಟಿದೆ. ಸೀಟಿನ ಪೈಪಿಗೂ ದಾರಕ್ಕೂ ಎರಡೂ ಕಡೆ ಇರುವ ಅಂತರ ಅಳೆದರೆ ವ್ಯತ್ಯಾಸ 1 ಮಿ.ಮೀ. ಕೂಡ ಇರಲಿಲ್ಲ.

ಅಂದರೆ ಇದು ನಾನೇ ಎಳೆದಿಟ್ಟ ಚಕ್ರ. 36 ಸ್ಪೋಕ್‌ಗಳಲ್ಲಿ ಬಲಗಡೆಯ ಹದಿನೆಂಟನ್ನೂ ಕಾಲು ಸುತ್ತು ಸಡಿಲಿಸುವುದು, ನೋಡುವುದು, ಮತ್ತೆ ಕಾಲು ಸುತ್ತು. ಎರಡು ವಾರದ ಕೆಲಸವನ್ನು ಒಂದು ಮಧ್ಯಾಹ್ನ ಕೂತು ಬಿಚ್ಚಿದೆ. ಬ್ರೇಕ್ ಪ್ಯಾಡ್‌ಗಳನ್ನು ಮೂರನೇ ಸಲ ಹೊಂದಿಸಿದೆ.

ಚೈನ್‌ಸ್ಟೇಯ ಗೀರಿನ ಮೇಲೆ ಉಗುರು ಎಳೆದು ನೋಡಿದೆ. ಉಗುರು ಸಿಕ್ಕಿಕೊಳ್ಳಲಿಲ್ಲ, ಬಣ್ಣ ಮಾತ್ರ ಹೋಗಿತ್ತು. ತುಕ್ಕು ಹಿಡಿಯದಿರಲಿ ಅಂತ ನೇಲ್ ಪಾಲಿಶ್ ಬಳಿದೆ. ಸಿಕ್ಕಿದ್ದು ಗುಲಾಬಿ ಬಣ್ಣದ್ದು.