ಡೊಂಬಿವಲಿಯ ಅಂಗಡಿಯಲ್ಲಿ ಎಲ್ಲರಿಗೂ ಒಂದೇ ಡಿ ಡ್ರೈವ್

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮದೊಂದು ಡಿಟಿಪಿ ಅಂಗಡಿ. ಮದುವೆ ಕಾಗದ, ಉಡುಪಿ ಹೋಟೆಲಿನ ಮೆನು ಕಾರ್ಡ್, ಯಕ್ಷಗಾನದ ಕರಪತ್ರ, ಶನಿಪೂಜೆಯ ಆಮಂತ್ರಣ, ಹೀಗೆ ಕನ್ನಡ, ಮರಾಠಿ ಎರಡರಲ್ಲೂ ಕೆಲಸ ಬರುತ್ತದೆ. ಮೊದಲು ಫೈಲುಗಳೆಲ್ಲ ಪೆನ್‌ಡ್ರೈವಿನಲ್ಲೇ ಓಡಾಡುತ್ತಿದ್ದವು. ಮರಾಠಿ ಟೈಪ್ ಮಾಡುವ ಹುಡುಗಿ "ದಾದಾ, ಫೈನಲ್ ಫೈಲ್ ಕುಠಲೀ?" (ಯಾವುದು?) ಎಂದು ಕೇಳಿದರೆ ಮೇಜಿನ ಮೇಲಿದ್ದ ಪೆನ್‌ಡ್ರೈವ್ ಎಲ್ಲ ತೆರೆದು ನೋಡಬೇಕಿತ್ತು. ಫೈಲ್ ಇಡಲೆಂದೇ ಹೊಸ ಯಂತ್ರ ಏನೂ ಕೊಳ್ಳದೆ, ಇದ್ದುದರಲ್ಲಿ ಗಟ್ಟಿ ಕಂಪ್ಯೂಟರಿನ ಡಿ ಡ್ರೈವನ್ನೇ ಎಲ್ಲರಿಗೂ ಶೇರ್ ಮಾಡಿದೆ.

ಜೋಡಿಸುವುದು ಸುಲಭ. ನಿಜವಾದ ಕೆಲಸ ಇರುವುದು ಯಾರು ಓದಬಹುದು, ಯಾರು ಅಳಿಸಬಹುದು ಎಂದು ಗಟ್ಟಿ ಮಾಡುವುದರಲ್ಲಿ.

ವಿಂಡೋಸ್‌ನಲ್ಲಿ ಅನುಮತಿ ಎರಡು ಕಡೆ ಇದೆ. ಫೋಲ್ಡರಿನ ಪ್ರಾಪರ್ಟೀಸ್ ತೆರೆದರೆ ಶೇರಿಂಗ್ ಒಂದು ಟ್ಯಾಬ್, ಸೆಕ್ಯುರಿಟಿ ಇನ್ನೊಂದು. ನೆಟ್‌ವರ್ಕಿನಿಂದ ಬರುವವರಿಗೆ ಎರಡೂ ಲಾಗೂ ಆಗುತ್ತವೆ, ಯಾವುದು ಬಿಗಿಯೋ ಅದೇ ನಡೆಯುತ್ತದೆ. ಅಡ್ವಾನ್ಸ್‌ಡ್ ಶೇರಿಂಗ್‌ನಲ್ಲಿ ಮೊದಲಿಗೆ 'ಎವ್ರಿಒನ್'ಗೆ ರೀಡ್ ಮಾತ್ರ ಇರುತ್ತದೆ. "ಅಣ್ಣಾ, ತೆರೆಯುತ್ತೆ, ಆದ್ರೆ ಸೇವ್ ಆಗ್ತಿಲ್ಲ" ಎಂಬ ಮಾತು ಹುಟ್ಟುವುದು ಹೆಚ್ಚಾಗಿ ಇಲ್ಲೇ. ನಾನು ಎವ್ರಿಒನ್ ತೆಗೆದುಹಾಕಿ, ಅಂಗಡಿಯ ಪ್ರತಿಯೊಬ್ಬರಿಗೂ ಆ ಕಂಪ್ಯೂಟರಿನಲ್ಲಿ ಒಂದೊಂದು ಖಾತೆ ಮಾಡಿದೆ. ಶೇರಿಂಗ್‌ನಲ್ಲಿ ಅವರಿಗೆ ಚೇಂಜ್ (ಓದುವ, ಬರೆಯುವ, ಅಳಿಸುವ ಅನುಮತಿ) ಕೊಟ್ಟೆ. ಸೂಕ್ಷ್ಮ ಹಿಡಿತವೆಲ್ಲ ಸೆಕ್ಯುರಿಟಿ ಟ್ಯಾಬಿನಲ್ಲಿ. ಖಾತೆಗೆ ಪಾಸ್‌ವರ್ಡ್ ಇರಲೇಬೇಕು. ದಿನಾ ಒತ್ತುವ ಪಿನ್ ಆ ಯಂತ್ರಕ್ಕೆ ಮಾತ್ರ, ನೆಟ್‌ವರ್ಕಿನಲ್ಲಿ ನಡೆಯುವುದಿಲ್ಲ.

ಡ್ರೈವಿನೊಳಗೆ ಮೂರು ಫೋಲ್ಡರ್. 'ಫಾಂಟ್'ನಲ್ಲಿ ನುಡಿ, ಬರಹ ಮತ್ತು ಮರಾಠಿ ಫಾಂಟುಗಳು, ಎಲ್ಲರಿಗೂ ಓದಲು ಮಾತ್ರ. 'ಕೆಲಸ'ದಲ್ಲಿ ಎಲ್ಲರೂ ಬರೆಯಬಹುದು. 'ಮುಗಿದದ್ದು' ಎಂಬುದಕ್ಕೆ ಹಾಕುವವನು ನಾನೊಬ್ಬನೇ. ಇಷ್ಟು ಬಿಗಿ ಯಾಕೆ ಅಂದರೆ, ನೆಟ್‌ವರ್ಕ್ ಡ್ರೈವಿನಲ್ಲಿ ಡಿಲೀಟ್ ಒತ್ತಿದ ಫೈಲ್ ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ. ಹೋಯಿತೆಂದರೆ ಹೋಯಿತು. ಹೊಸಬರು ಯಾರೇ ಕೆಲಸಕ್ಕೆ ಸೇರಲಿ, ಮೊದಲು ಹೇಳುವ ಮಾತು ಇದು.

ರೂಟರಿನಲ್ಲಿ ಆ ಕಂಪ್ಯೂಟರಿಗೆ ಒಂದು ಐಪಿ ನಂಬರನ್ನು (ನೆಟ್‌ವರ್ಕಿನಲ್ಲಿ ಅದರ ವಿಳಾಸ) ಬದಲಾಗದಂತೆ ಕಾಯ್ದಿರಿಸಿದ್ದೇನೆ. ಉಳಿದ ಯಂತ್ರಗಳಲ್ಲಿ ಆ ಡಿ ಡ್ರೈವನ್ನು ಝಡ್ ಡ್ರೈವ್ ಎಂದು ಮ್ಯಾಪ್ ಮಾಡಿ ಬಿಟ್ಟರೆ ಆಯಿತು. ಶೇರ್ ಮಾಡಿದ ಕಂಪ್ಯೂಟರಿನಲ್ಲಿ ಸ್ಲೀಪ್ ಪೂರ್ತಿ ಬಂದ್ ಮಾಡಿ. ಇಲ್ಲದಿದ್ದರೆ ಊಟ ಮುಗಿಸಿ ಬರುವಷ್ಟರಲ್ಲಿ ಡಿಸ್ಕೇ ಮಾಯ.

ವೇಗದ ಮಾತು ಬಂದಾಗ ಎಲ್ಲರೂ ಡಿಸ್ಕನ್ನೇ ಬೈಯುತ್ತಾರೆ. ನಾನು ಮೊದಲು ಕೇಬಲ್ ನೋಡಿ ಅನ್ನುತ್ತೇನೆ. ನಮ್ಮಲ್ಲಿ ಒಂದು ಯಂತ್ರ ಮಾತ್ರ ನಿಧಾನವಿತ್ತು. ಫ್ಲೆಕ್ಸ್ ಬ್ಯಾನರಿನ ದೊಡ್ಡ ಫೈಲ್ ಕಾಪಿಗೆ ಇಟ್ಟರೆ ಸೆಕೆಂಡಿಗೆ 11 ಎಂಬಿ, ಅದರಾಚೆ ಹೋಗದು. ಆ ಅಂಕಿ ಕಂಡ ಕೂಡಲೇ ಗೊತ್ತಾಗಬೇಕು, ಅದು 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್, ಎಂಟು ಬಿಟ್ ಸೇರಿದರೆ ಒಂದು ಬೈಟ್) ಲಿಂಕಿನ ಲಕ್ಷಣ. ಅದರ ಹತ್ತು ಪಟ್ಟು ವೇಗದ ಗಿಗಾಬಿಟ್‌ಗೆ ಕೇಬಲಿನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡು ಜೋಡಿ ಸಾಕು. ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿದರೆ ನೀಲಿ ತಂತಿ ತುದಿಯವರೆಗೆ ಬಂದಿರಲೇ ಇಲ್ಲ. ಕತ್ತರಿಸಿ ಹೊಸ ಕನೆಕ್ಟರ್ ಒತ್ತಿಸಿದ ಮೇಲೆ 110ರ ಹತ್ತಿರ ಬಂತು. 4 ಜಿಬಿ ಫೈಲಿಗೆ ಆರು ನಿಮಿಷ ಹಿಡಿಯುತ್ತಿದ್ದದ್ದು ಮುಕ್ಕಾಲು ನಿಮಿಷದೊಳಗೆ ಮುಗಿಯುತ್ತದೆ. ಒಂದು ತಂತಿಗೆ ಇಷ್ಟು ಬೆಲೆ!

ಹಳೆಯ ಸ್ಕ್ಯಾನರಿಗೆ ಅಂಟಿಕೊಂಡ ಒಂದು ಹಳೆ ವಿಂಡೋಸ್ ಎಕ್ಸ್‌ಪಿ ಯಂತ್ರವೂ ಇದೆ. ಅದಕ್ಕೆ ಬರುವುದು ವಿಂಡೋಸ್ ನೆಟ್‌ವರ್ಕಿನಲ್ಲಿ ಫೈಲ್ ಹಂಚುವ ಭಾಷೆಯಾದ ಎಸ್‌ಎಂಬಿಯ ಮೊದಲ ಆವೃತ್ತಿ ಮಾತ್ರ. ಅದನ್ನು ಆನ್ ಮಾಡಿದರೆ ಜೋಡಿಸಬಹುದು ಎಂದು ಪಕ್ಕದ ಅಂಗಡಿಯವರು ಹೇಳಿದರು. ಖಂಡಿತ ಮಾಡಬೇಡಿ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ವೈರಸ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವಂಥದ್ದು) ಜಗತ್ತಿನ ತುಂಬ ಹರಡಿದ್ದು ಅದೇ ಆವೃತ್ತಿಯ ತೂತಿನಿಂದ, ಅಲ್ವಾ? ಅದೇ ವರ್ಷದ ಕೊನೆಯಿಂದ ಮೈಕ್ರೋಸಾಫ್ಟ್ ಹೊಸ ವಿಂಡೋಸ್ 10ರಲ್ಲಿ ಅದನ್ನು ತಾನಾಗಿ ಹಾಕಿಕೊಡುವುದನ್ನು ನಿಲ್ಲಿಸತೊಡಗಿತು. ನಮ್ಮ ಎಕ್ಸ್‌ಪಿಗೆ ನೆಟ್‌ವರ್ಕ್ ಕೇಬಲ್ಲೇ ಇಲ್ಲ. ಸ್ಕ್ಯಾನ್ ಆದದ್ದು ಪೆನ್‌ಡ್ರೈವಿನಲ್ಲಿ ಬರಲಿ, ಪರವಾಗಿಲ್ಲ.

ಪಿಡಿಎಫ್ ಕಳಿಸಲು ವೈಫೈ ಕೇಳುವ ಗಿರಾಕಿಗಳಿಗೆ ರೂಟರಿನಲ್ಲಿ ಬೇರೆ ಗೆಸ್ಟ್ ನೆಟ್‌ವರ್ಕ್ ಕೊಟ್ಟಿದ್ದೇನೆ. ಅಲ್ಲಿಂದ ನಮ್ಮ ಡಿಸ್ಕ್ ಕಾಣುವುದಿಲ್ಲ. ಮನೆಯಿಂದ ಫೈಲ್ ನೋಡೋಣವೆಂದು ರೂಟರಿನಲ್ಲಿ ಫೈಲ್ ಶೇರಿಂಗಿನ 445ನೇ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆಯುವವರಿದ್ದಾರೆ. ಅದು ರಸ್ತೆಗೆ ಬಾಗಿಲು ತೆರೆದಿಟ್ಟಂತೆ.

ಶೇರ್ ಮಾಡಿದ ಡಿಸ್ಕ್ ಬ್ಯಾಕಪ್ ಅಲ್ಲ. ಎಲ್ಲರ ಕೆಲಸವೂ ಈಗ ಒಂದೇ ಡಿಸ್ಕಿನಲ್ಲಿದೆ, ಆದ್ದರಿಂದ ಭಯ ಜಾಸ್ತಿಯೇ ಆಗಬೇಕು. ಸಂಜೆ ಶಟರ್ ಎಳೆಯುವ ಮೊದಲು 'ಕೆಲಸ' ಮತ್ತು 'ಮುಗಿದದ್ದು' ಎರಡನ್ನೂ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ಅದರ ಕೇಬಲ್ ತೆಗೆದು ಮನೆಗೆ ಒಯ್ಯುತ್ತೇನೆ. ಮಳೆಗಾಲದಲ್ಲಂತೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ.